ತರ್ಕತಾಂಡವಕಾರರಾದ ಶ್ರೀ ವ್ಯಾಸರಾಜರು

ಫಾಲ್ಗುಣ ಬಹುಳ ಚತುರ್ಥಿಯು ಶ್ರೀ ವ್ಯಾಸರಾಜ ಗುರುಸಾರ್ವಭೌಮರ ಆರಾಧನೆಯ ಪುಣ್ಯದಿನ. ಬನ್ನೂರಿನಲ್ಲಿ ಅವತರಿಸಿದ ಶ್ರೀಗಳು ಅಬ್ಬೂರಿನ ಶ್ರೀ ಬ್ರಹ್ಮಣ್ಯತೀರ್ಥರಿಂದ ಆಶ್ರಮ ಸ್ವೀಕರಿಸಿ, ಕಂಚಿಯಲ್ಲಿ ಶಾಸ್ತ್ರಗಳನ್ನೂ ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಸನ್ನಿಧಿಯಲ್ಲಿ ವೇದಾಂತವನ್ನೂ ಅಧ್ಯಯನ ಮಾಡಿದರು. ವಿಜಯನಗರದಲ್ಲಿ ಶ್ರೀಕೃಷ್ಣದೇವರಾಯನಿಂದ ಗುರುವೆಂದು ಪೂಜಿತರಾದುದು ಸರ್ವವಿದಿತ.

ಶ್ರೀಗಳ ಗ್ರಂಥತ್ರಯವಾದ ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ, ತರ್ಕತಾಂಡವಗಳಲ್ಲಿ ಕೊನೆಯದು ಮಿಥಿಲೆಯ ಗಂಗೇಶೋಪಾಧ್ಯಾಯನ ತತ್ತ್ವಚಿಂತಾಮಣಿಯನ್ನು ವಿಮರ್ಶಿಸುವಂಥದು. ಬಾಯಾರಿದವನು ದೂರದಲ್ಲಿ ನೀರನ್ನು ಕಾಣುತ್ತಾನೆ. ಆ ಜ್ಞಾನವು ಯಥಾರ್ಥವೆಂದು ತಿಳಿಯುವುದು, ಹೋಗಿ ಕುಡಿದು ಬಾಯಾರಿಕೆ ತೀರಿದ ಮೇಲೆ, ಅನುಮಾನದಿಂದ ಎಂದು ನೈಯಾಯಿಕರ ಮತ. ಹಾಗಾದರೆ ಆ ಅನುಮಾನವು ಯಥಾರ್ಥವೆಂಬುದಕ್ಕೆ ಇನ್ನೊಂದು ಅನುಮಾನ, ಅದಕ್ಕೆ ಮತ್ತೊಂದು, ಅನವಸ್ಥೆ ತಪ್ಪದು. ಎಲ್ಲಿಯೋ ಒಂದೆಡೆ ಜ್ಞಾನವು ತಾನಾಗಿಯೇ ನಂಬಿಕೆಗೆ ಅರ್ಹವಾಗಬೇಕು. ಅದನ್ನು ಗ್ರಹಿಸುವುದು ಜೀವನ ಸ್ವರೂಪೇಂದ್ರಿಯವಾದ ಸಾಕ್ಷಿ. ಸಂದೇಹ ಬಂದಾಗ ಪರೀಕ್ಷೆ ಬೇಕು; ಆದರೆ ಪರೀಕ್ಷೆಯು ಸಂದೇಹವನ್ನು ಕಳೆಯುವುದೇ ಹೊರತು ಪ್ರಾಮಾಣ್ಯವನ್ನು ಹುಟ್ಟಿಸದು.

ಈಶ್ವರನ ವಿಷಯದಲ್ಲಿಯೂ ಹೀಗೆಯೇ. ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತನುಂಟೆಂದು ನೈಯಾಯಿಕರು ಅನುಮಾನಿಸುತ್ತಾರೆ. ಕುಂಬಾರನಿಗೆ ನಮ್ಮಂಥ ದೇಹವಿದೆ; ಅರಮನೆಯನ್ನು ಹಲವರು ಸೇರಿ ಕಟ್ಟುತ್ತಾರೆ. ಅದೇ ದಾರಿಯಲ್ಲಿ ನಡೆದರೆ ದೇವರಿಗೂ ಪ್ರಾಕೃತ ದೇಹವನ್ನು, ಅಥವಾ ಹಲವು ಕರ್ತರನ್ನು ಒಪ್ಪಬೇಕಾದೀತು. ಶ್ರೀಹರಿಯು ಸದಾಗಮಗಳಿಂದಲೇ ವೇದ್ಯನೆಂಬುದು ನಮ್ಮ ಸಿದ್ಧಾಂತ.

ನಮ್ಮ ಮನೆಗಳಲ್ಲಿ ಮಕ್ಕಳು ದೇವರಿದ್ದಾನೆಂಬುದಕ್ಕೆ ಪ್ರಮಾಣವೇನೆಂದು ಕೇಳಿದರೆ ಹಿರಿಯರು ಗದರಿಸುವುದುಂಟು. ಶ್ರೀಗಳು ಅಂಥ ಪ್ರಶ್ನೆಗೆ ಅಂಜಿದವರಲ್ಲ. ತರ್ಕವನ್ನು ಅದರ ಕೊನೆಯವರೆಗೂ ನಡೆಸಿ, ಅದು ನಿಲ್ಲುವ ಸ್ಥಳವನ್ನು ತರ್ಕದಿಂದಲೇ ತೋರಿಸಿದರು. ಓದದೆಯೇ ತರ್ಕವನ್ನು ಹಳಿಯುವವರಿಗೆ ಅವರಲ್ಲಿ ಆಸರೆ ದೊರೆಯದು.

ಕನಕದಾಸರ ಬಾಳೆಯ ಹಣ್ಣಿನ ಕಥೆ ಎಲ್ಲರಿಗೂ ಪರಿಚಿತ. ಯಾರೂ ಕಾಣದ ಕಡೆ ತಿಂದು ಬರಬೇಕೆಂದು ಶ್ರೀಗಳು ಶಿಷ್ಯರಿಗೆ ಹಣ್ಣು ಕೊಟ್ಟರಂತೆ. ಪಂಡಿತರು ಮೂಲೆಮರೆಗಳನ್ನು ಹುಡುಕಿ ತಿಂದು ಬಂದರು. ಕನಕದಾಸರು ಮಾತ್ರ, ಹರಿಯಿಲ್ಲದ ಸ್ಥಳ ಸಿಗಲಿಲ್ಲವೆಂದು ಹಣ್ಣನ್ನು ಹಿಂದಕ್ಕೆ ತಂದರು. ಭಗವಂತನ ಸರ್ವವ್ಯಾಪ್ತಿಯನ್ನು ಸಭೆಯಲ್ಲಿ ಸಾಧಿಸುವ ಶಕ್ತಿ ಆ ಪಂಡಿತರಿಗೆ ಇರಲಿಲ್ಲವೆ? ಇತ್ತು. ಆದರೆ ಹಣ್ಣು ಸುಲಿಯುವಾಗ ಅದು ನೆನಪಾಗಲಿಲ್ಲ.

ಬಾಲಕೃಷ್ಣನನ್ನು ಬೇಗ ಬಾರೆಂದು ಕರೆಯುವ, ಯಮುನಾಕಲ್ಯಾಣಿ ರಾಗದಲ್ಲಿ ಇಂದಿಗೂ ಹಾಡಲ್ಪಡುವ ದೇವರನಾಮ ಈ ತಾರ್ಕಿಕಶಿರೋಮಣಿಗಳದೇ. ಅದರಲ್ಲಿ ಪ್ರತಿಜ್ಞೆಯಿಲ್ಲ, ಹೇತುವಿಲ್ಲ, ತಾಯಿಯಂತೆ ಕರೆಯುವುದಷ್ಟೆ.

1539ರಲ್ಲಿ ಶ್ರೀಗಳು ವೃಂದಾವನಸ್ಥರಾದರು. ಆನೆಗೊಂದಿಯ ಬಳಿ ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವವೃಂದಾವನಗಳಲ್ಲಿ ಅವರದೂ ಒಂದು. ತರ್ಕತಾಂಡವಕ್ಕೆ ಮುಂದೆ ಶ್ರೀ ರಾಘವೇಂದ್ರತೀರ್ಥರು ನ್ಯಾಯದೀಪವೆಂಬ ವ್ಯಾಖ್ಯಾನವನ್ನು ರಚಿಸಿದರು.