ಒಬ್ಬರೇ ಸಂಗೀತಗಾರ, ಎರಡು ರಾಷ್ಟ್ರಗೀತೆ

ಅಜರ್ಬೈಜಾನ್ ಅಂದ್ರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗೋದು ಬಾಕು ನಗರದ ಫಾರ್ಮುಲಾ ಒನ್ ರೇಸ್. ರೇಸ್ ಶುರುವಾಗೋಕೆ ಮುಂಚೆ ಅಲ್ಲಿನ ರಾಷ್ಟ್ರಗೀತೆ ಬರುತ್ತೆ, ನಾವು ಆಗ ಚಿಪ್ಸ್ ತರೋಕೆ ಎದ್ದು ಹೋಗಿರ್ತೀವಿ. ಆ ಗೀತೆಗೆ ಸಂಗೀತ ಕೊಟ್ಟವರು ಉಜೇಯಿರ್ ಹಾಜಿಬೆಯೋವ್.

ಹುಟ್ಟಿದ್ದು 1885ರಲ್ಲಿ, ಬೆಳೆದದ್ದು ಹಾಡುಗಾರರಿಗೆ ಹೆಸರಾದ ಶುಶಾ ಊರಲ್ಲಿ. ಜಾರ್ಜಿಯಾದ ಗೋರಿಯಲ್ಲಿ ಶಿಕ್ಷಕರ ತರಬೇತಿ ಪಡೆಯುವಾಗ ಪಿಟೀಲು ಕಲಿತರು. ಆಮೇಲೆ ಬಾಕುವಿನಲ್ಲಿ ಮೇಷ್ಟ್ರು. 1907ರಲ್ಲಿ ಅವರು ತಂದದ್ದು ಅಂಕಗಣಿತದ ಲೆಕ್ಕಗಳ ಪುಸ್ತಕ! ಮುಂದಿನ ಜನವರಿಯಲ್ಲಿ ಅವರ ಮೊದಲ ಒಪೆರಾ 'ಲೇಲಿ ಮತ್ತು ಮಜ್ನೂನ್' ರಂಗಕ್ಕೆ ಬಂತು. ಆಗ ವಯಸ್ಸು ಇಪ್ಪತ್ತೆರಡು. (ನಮಗಿಂತ ಮೂರೇ ವರ್ಷ ದೊಡ್ಡವರು, ಸ್ವಲ್ಪ ಹೊಟ್ಟೆಕಿಚ್ಚಾಗುತ್ತೆ.) ಹೆಂಗಸರು ರಂಗಕ್ಕೆ ಬರುವಂತಿರಲಿಲ್ಲ, ಹಾಗಾಗಿ ಲೇಲಿಯಾಗಿ ಹಾಡಿದ್ದೂ ಹುಡುಗನೇ. ಅವರ ಸಂಗೀತಪದ್ಧತಿ ಮುಗಾಮ್‌ನಲ್ಲಿ ಹಾಡುಗಾರ ನಮ್ಮ ರಾಗದ ಹಾಗೆ ಅಲ್ಲಲ್ಲೇ ಬೆಳೆಸುತ್ತಾ ಹೋಗ್ತಾನೆ. ಅದನ್ನು ಯುರೋಪಿನ ಒಪೆರಾ ಜೊತೆ ಕೂಡಿಸಿದ್ದೇ ಅವರ ಸಾಹಸ.

1918ರ ಮೇ 28ರಂದು ಅಜರ್ಬೈಜಾನ್ ಸ್ವತಂತ್ರ ಗಣರಾಜ್ಯವಾಯಿತು. ಹಾಜಿಬೆಯೋವ್ ಸರ್ಕಾರದ ಪತ್ರಿಕೆಗೆ ಸಂಪಾದಕರಾದರು. ಅದೇ ನವೆಂಬರ್‌ನಲ್ಲಿ ಮೂರು ಬಣ್ಣದ ಬಾವುಟ ಬಂತು: ನೀಲಿ ತುರ್ಕಿ ಮೂಲಕ್ಕೆ, ಕೆಂಪು ಆಧುನಿಕ ಪ್ರಗತಿಗೆ, ಹಸಿರು ಇಸ್ಲಾಂ ನಾಗರಿಕತೆಗೆ. ನಡುವೆ ಅರ್ಧಚಂದ್ರ, ಎಂಟು ಮೂಲೆಯ ನಕ್ಷತ್ರ. ಕವಿ ಅಹ್ಮದ್ ಜಾವಾದ್ ಬರೆದ ಗೀತೆಗೆ ಹಾಜಿಬೆಯೋವ್ ಸಂಗೀತ ಹಾಕಿದರು.

ಎಲ್ಲ ಸೇರಿ ಇಪ್ಪತ್ಮೂರೇ ತಿಂಗಳು. 1920ರ ಏಪ್ರಿಲ್‌ನಲ್ಲಿ ಕೆಂಪು ಸೇನೆ ಬಂತು, ಬಾವುಟವೂ ಹೋಯ್ತು ಗೀತೆಯೂ ಹೋಯ್ತು. ಗಣರಾಜ್ಯದ ನಿಯೋಗದ ಜೊತೆ ಪ್ಯಾರಿಸ್‌ಗೆ ಹೋಗಿದ್ದ ತಮ್ಮ ಜೇಹುನ್ ಮತ್ತೆ ಊರಿಗೆ ಬರಲೇ ಇಲ್ಲ. ಅಣ್ಣ ಬಾಕುವಿನಲ್ಲೇ ಉಳಿದು ಪಾಠ ಹೇಳಿದರು, ಜನಪದ ವಾದ್ಯಗಳ ಆರ್ಕೆಸ್ಟ್ರಾ ಕಟ್ಟಿದರು.

1937 ಬಂತು. ಏಪ್ರಿಲ್‌ನಲ್ಲಿ ಹಾಜಿಬೆಯೋವ್ ಅವರ ದೊಡ್ಡ ಒಪೆರಾ 'ಕೊರೊಗ್ಲು' ಗೆದ್ದಿತು. ಅಕ್ಟೋಬರ್‌ನಲ್ಲಿ ಜಾವಾದ್ ಅವರನ್ನು ಗುಂಡಿಟ್ಟು ಕೊಂದರು, ಅವರ ಹೆಂಡತಿಯನ್ನು ಶಿಬಿರಕ್ಕೆ ಕಳಿಸಿದರು. ಒಂದೇ ಹಾಡಿನ ಇಬ್ಬರು, ಒಂದೇ ವರ್ಷ. ಮರುವರ್ಷ ಹಾಜಿಬೆಯೋವ್‌ಗೆ ಸೋವಿಯತ್ ಒಕ್ಕೂಟದ ಜನತಾ ಕಲಾವಿದ ಬಿರುದು. 1940ರ ದಶಕದಲ್ಲಿ ಸೋವಿಯತ್ ಅಜರ್ಬೈಜಾನಿಗೂ ಒಂದು ಗೀತೆ ಬೇಕಾಯ್ತು. ಅದಕ್ಕೂ ಸಂಗೀತ ಇವರದ್ದೇ.

ಇದನ್ನ ಏನಂತ ಕರೆಯೋದು? ನಮ್ಮ ಗುಂಪಿನಲ್ಲಿ ಕೆಲವರು ರಾಜಿ ಅಂದ್ರು, ಕೆಲವರು ಬದುಕುವ ದಾರಿ ಅಂದ್ರು. ಒಲ್ಲೆ ಅಂದವರ ಗತಿ ಅವರ ಕಣ್ಣೆದುರೇ ಇತ್ತು. ಜೈಲಲ್ಲೋ ಗೋರಿಯಲ್ಲೋ ಇದ್ದಿದ್ರೆ ಆ ಶಿಷ್ಯರಿಗೆ ಪಾಠ ಯಾರು ಹೇಳ್ತಿದ್ರು ಅನ್ನೋ ಕಡೆಗೇ ನಾವು ವಾಲ್ತೀವಿ. ಆದರೂ ಜಾವಾದ್ ನೆನಪಾದಾಗ ಪೂರ್ತಿ ಸಮಾಧಾನ ಆಗಲ್ಲ.

1948ರಲ್ಲಿ ಹಾಜಿಬೆಯೋವ್ ತೀರಿಕೊಂಡರು. ಸೋವಿಯತ್ ಒಕ್ಕೂಟ ಒಡೆದ ಮೇಲೆ, 1992ರ ಮೇ ತಿಂಗಳಲ್ಲಿ, ಹಳೇ ಗೀತೆ ಮತ್ತೆ ರಾಷ್ಟ್ರಗೀತೆಯಾಯಿತು. ತೆಗೆದುಹಾಕಿದ್ದೂ ಅವರ ಸಂಗೀತ, ಬದಲಿಗೆ ಬಂದದ್ದೂ ಅವರದ್ದೇ. ಆದರೆ ಈ ಸಲ ಪಕ್ಕದಲ್ಲಿ ಜಾವಾದ್ ಹೆಸರೂ ಇತ್ತು.