ಸೊಲ್ಲಾಪುರದ ಶೇಠ, ಮೈಸೂರಿನ ಪಾಲು

ಲಚ್ಯಾಣ ಸ್ಟೇಶನ್ನಿನಲ್ಲಿ ರೈಲು ಹತ್ತಿ ಹೋಟಗಿ ದಾಟಿದರೆ ಸೊಲ್ಲಾಪುರ. ಅರಿವೆ-ಅಂಚಡಿಗೆ, ದವಾಖಾನೆಗೆ ಅಂತ ಇಂಡಿ ಸೀಮೆಯ ಮಂದಿ ಓಡುವ ಆ ಊರಲ್ಲೇ 1882ರ ನವೆಂಬರ್ 23ರಂದು ವಾಲಚಂದ ಹಿರಾಚಂದರು ಹುಟ್ಟಿದ್ದು.

ಮನೆತನದ್ದು ಅರಳೆ ವ್ಯಾಪಾರ, ಬಡ್ಡಿ ವ್ಯವಹಾರ. ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುವುದು ವಾಲಚಂದರಿಗೆ ಒಗ್ಗಲಿಲ್ಲ. ರೈಲ್ವೆ ಗುಮಾಸ್ತರಾಗಿದ್ದ ಫಾಟಕರ ಜೊತೆ ಸೇರಿ ಬಾರ್ಶಿ ರೈಲು ಹಾದಿಯ ಗುತ್ತಿಗೆ ಹಿಡಿದರು. 1919ರಲ್ಲಿ ಸಿಂಧಿಯಾ ಹಡಗು ಕಂಪನಿ ಕಟ್ಟುವುದರಲ್ಲಿ ಮುಂದಾಗಿ, ಬಿಳಿಯರ ಹಡಗು ಕಂಪನಿಗಳಿಗೇ ಸೆಡ್ಡು ಹೊಡೆದರು.

ಆಮೇಲೆ ತಲೆಗೆ ಹೊಕ್ಕಿದ್ದು ವಿಮಾನ. ಅದೇನು ಒಬ್ಬ ಶೇಠನ ಗಂಟಿನಿಂದ ಆಗುವ ಕೆಲಸವೇ? ದಿವಾನ ಮಿರ್ಜಾ ಇಸ್ಮಾಯಿಲರ ಮೈಸೂರು ಸರಕಾರ ಕೈ ಜೋಡಿಸಿತು. 25 ಲಕ್ಷ ರೂಪಾಯಿ ಹಾಕಿತು, 700 ಎಕರೆ ಭೂಮಿ ಪುಕ್ಕಟೆ ಕೊಟ್ಟಿತು. 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಹುಟ್ಟಿತು. ಮರುವರ್ಷ ಭಾರತ ಸರಕಾರವೂ 25 ಲಕ್ಷ ಹಾಕಿ ಮೂರರಲ್ಲೊಂದು ಪಾಲು ಹಿಡಿಯಿತು.

ಅಷ್ಟರಲ್ಲಿ ಯುದ್ಧ ಹೊಸ್ತಿಲಿಗೆ ಬಂತು. 1942ರ ಏಪ್ರಿಲ್‌ನಲ್ಲಿ ಭಾರತ ಸರಕಾರ ವಾಲಚಂದರ ಮತ್ತು ಜೊತೆಗಾರರ ಪಾಲು ಕೊಂಡುಕೊಂಡಿತು. ಕಾರ್ಖಾನೆ ಕಟ್ಟಿದವರೇ ಹೊರಗಾದರು. ಮೈಸೂರಿನ ಪಾಲಿಗೂ ಕೈ ಚಾಚಿತ್ತು. ಮೈಸೂರು ಆಡಳಿತ ಬಿಟ್ಟುಕೊಟ್ಟಿತು, ಪಾಲು ಮಾತ್ರ ಮಾರಲಿಲ್ಲ. ಪ್ರಜೆಗಳ ರೊಕ್ಕ, ಪ್ರಜೆಗಳ ಭೂಮಿ ಹೋದಲ್ಲಿ ಪ್ರಜೆಗಳ ಹೆಸರೂ ಇರಬೇಕಲ್ಲ!

ವಾಲಚಂದರು 1953ರ ಏಪ್ರಿಲ್ 8ರಂದು ಗುಜರಾತಿನ ಸಿದ್ಧಪುರದಲ್ಲಿ ತೀರಿಕೊಂಡರು. ಆ ಕಾರ್ಖಾನೆಯ ರನ್‌ವೇ ಮಾತ್ರ ಬೆಂಗಳೂರಿನ ವಿಮಾನ ನಿಲ್ದಾಣವೇ ಆಗಿ, 2008ರ ಮೇ ತನಕ ಊರಮಂದಿಯನ್ನು ದೇಶ ವಿದೇಶಕ್ಕೆ ಒಯ್ದಿತು.

ವಿಜಯಪುರದ ಬಳಿ ಬುರಣಾಪುರದಲ್ಲಿ 2021ರಲ್ಲಿ ವಿಮಾನ ನಿಲ್ದಾಣಕ್ಕೆ ಅಡಿಗಲ್ಲು ಬಿತ್ತು. ಹಾಕಿದ್ದು ರಾಜ್ಯದ ಬೊಕ್ಕಸದ ರೊಕ್ಕ. ಮೊದಲ ಅಂದಾಜು 220 ಕೋಟಿ, ಬರಬರುತ್ತ 300 ಕೋಟಿ ದಾಟಿತು. ಅದನ್ನು ನಡೆಸುವ ಕೆಲಸ ಯಾರ ಕೈಗಾದರೂ ಹೋಗಲಿ, ಅಡ್ಡಿಯಿಲ್ಲ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಯ ಮಂದಿ ಕೊಟ್ಟ ತೆರಿಗೆಯೂ ಅದರಲ್ಲಿದೆ ಎಂಬುದನ್ನು ಮರೆಯಬಾರದು ಅಷ್ಟೇ. ಆಡಳಿತ ಬಿಟ್ಟರೂ ಪಾಲು ಬಿಡದ ಮೈಸೂರಿನ ಹಟ ಇಲ್ಲಿಯೂ ಇರಲಿ.