ಹ್ಯಾಂಡಲ್ ಬಿಡಿಸಿದ ಕೆಟರಿಂಗ್

ಹಳೇ ಕಾರಿನ ಎಲೆಕ್ಟ್ರಿಕಲ್ ರಿಪೇರಿ ಕಲಿಯೋಕೆ ಆ ಕಾಲದ ತರಬೇತಿ ಪುಸ್ತಕ ತೆರೆದರೆ, ಬ್ಯಾಟರಿ, ಕಾಯಿಲ್, ಪಾಯಿಂಟ್, ಕಂಡೆನ್ಸರ್ ಇರೋ ಚಿತ್ರ ನಮಗೆ ಸಿಕ್ಕೇ ಸಿಗುತ್ತೆ. ಅದಕ್ಕೆ ಕೆಟರಿಂಗ್ ಇಗ್ನಿಷನ್ ಅಂತಲೇ ಹೆಸರು.

ಚಾರ್ಲ್ಸ್ ಕೆಟರಿಂಗ್ ಹುಟ್ಟಿದ್ದು 1876ರಲ್ಲಿ, ಅಮೆರಿಕದ ಓಹಾಯೋದಲ್ಲಿ. ಕಣ್ಣಿನ ತೊಂದರೆಯಿಂದ ಕಾಲೇಜು ಬಿಟ್ಟು ಟೆಲಿಫೋನ್ ಲೈನ್ ಕೆಲಸಕ್ಕೆ ಹೋದರು. ಮತ್ತೆ ಬಂದು 1904ರಲ್ಲಿ ಎಂಜಿನಿಯರಿಂಗ್ ಮುಗಿಸಿದರು. (ಅಟೆಂಡೆನ್ಸ್ ಶಾರ್ಟೇಜ್‌ಗೇ ಕಂಗಾಲಾಗೋ ನಾವು ಇಲ್ಲಿ ಸ್ವಲ್ಪ ನಿಲ್ಲಬೇಕು.) ಆಮೇಲೆ ಕ್ಯಾಶ್ ರಿಜಿಸ್ಟರ್‌ಗೆ ಮೋಟಾರ್ ಕೂರಿಸಿದರು.

ಆಗ ಕಾರು ಸ್ಟಾರ್ಟ್ ಮಾಡಲು ಹ್ಯಾಂಡಲ್ ತಿರುಗಿಸಬೇಕಿತ್ತು. ಎಂಜಿನ್ ಹಿಂದಕ್ಕೆ ಒದ್ದರೆ ಕೈಮೂಳೆ ಮುರೀತಿತ್ತು. ಎಂಜಿನ್ ತಿರುಗಿಸೋಕೆ ಭಾರೀ ಮೋಟಾರೇ ಬೇಕಲ್ಲ ಅನ್ನೋದು ತೊಡಕು. ಆದರೆ ಕ್ಯಾಶ್ ರಿಜಿಸ್ಟರ್ ಮೋಟಾರಿನ ಹಾಗೆ ಇದೂ ದುಡಿಯಬೇಕಾದ್ದು ಕೆಲವೇ ಕ್ಷಣ. ಅಷ್ಟು ಹೊತ್ತು ಸಣ್ಣ ಮೋಟಾರೂ ಮಿತಿಮೀರಿದ ಹೊರೆ ತಡೆಯುತ್ತೆ! 1912ರ ಕ್ಯಾಡಿಲಾಕ್‌ನಲ್ಲಿ ಅದು ಬಂತು. ಸ್ಟಾರ್ಟ್ ಮಾಡುವಾಗ 24 ವೋಲ್ಟಿನ ಮೋಟಾರು. ಎಂಜಿನ್ ಓಡತೊಡಗಿದ ಮೇಲೆ ಅದೇ ಯಂತ್ರ ಜನರೇಟರ್ ಆಗಿ 6 ವೋಲ್ಟಿನಲ್ಲಿ ಬ್ಯಾಟರಿ ಚಾರ್ಜ್ ಮಾಡ್ತಿತ್ತು. ಆ ವೈರಿಂಗ್ ಇಂದಿಗೂ ತಲೆ ತಿನ್ನುತ್ತೆ.

ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ 1921ರಲ್ಲಿ ಹೊರಬಿದ್ದದ್ದೂ ಅವರ ಕೈಕೆಳಗಿನ ಪ್ರಯೋಗಾಲಯದಲ್ಲೇ. ಅದನ್ನು ತಯಾರಿಸುವಾಗ ಕಾರ್ಮಿಕರು ಸತ್ತರು. ಆದರೂ ಕೆಟರಿಂಗ್ ಅದರ ಪರವಾಗಿಯೇ ನಿಂತರು. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳೋಕೆ ನಮಗೆ ಮನಸ್ಸಿಲ್ಲ. 1958ರಲ್ಲಿ ಅವರು ತೀರಿಕೊಂಡಾಗ ಸೀಸದ ಪೆಟ್ರೋಲು ಇನ್ನೂ ಬಂಕುಗಳಲ್ಲಿ ಸಿಗ್ತಾನೇ ಇತ್ತು.